ಜಲಾಶಯದ ಮಟ್ಟ ನೋಡಿ, ಹಕ್ಕಿ ನೋಡಲು ಹೊರಡಿ

ಪತ್ರಿಕೆಗಳಲ್ಲಿ ಅಚ್ಚಾಗುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು ರೈತರಷ್ಟೇ ಆಸಕ್ತಿಯಿಂದ ಓದಬೇಕಾದ ಇನ್ನೊಂದು ವರ್ಗವಿದೆ. ಅವರು ಹಕ್ಕಿ ನೋಡುವವರು. ಹಿನ್ನೀರಿನಲ್ಲಿ ಇಂದು ಯಾವ ಹಕ್ಕಿ ಸಿಗುತ್ತದೆ ಎಂಬುದನ್ನು ಕ್ಯಾಲೆಂಡರಿಗಿಂತ ನೀರಿನ ಆಳವೇ ಚೆನ್ನಾಗಿ ಹೇಳುತ್ತದೆ.

ಮೊದಲು ನೀರನ್ನು ಓದಿ

ಕೆಆರ್‌ಎಸ್ 124.80 ಅಡಿ, ಭದ್ರಾ 186 ಅಡಿ ತಲುಪಿ ತುಂಬಿ ನಿಂತಾಗ ದಡದಲ್ಲಿ ಕೆಸರು ಉಳಿದಿರುವುದಿಲ್ಲ. ಆಗ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿಗಳನ್ನು ಹುಡುಕಿ. ಮಟ್ಟ ಇಳಿಯತೊಡಗಿದಂತೆ ಹುಳುಹುಪ್ಪಟೆ ತುಂಬಿದ ಹೊಸ ಅಂಚು ತೆರೆದುಕೊಳ್ಳುತ್ತದೆ. ಅಲ್ಲಿ ಪ್ರತಿ ಹಕ್ಕಿಯೂ ತನ್ನ ಕಾಲಿನ ಉದ್ದಕ್ಕೆ ತಕ್ಕ ಜಾಗ ಹಿಡಿಯುತ್ತದೆ. ಒದ್ದೆ ಮಣ್ಣಿನಲ್ಲಿ ಟಿಟ್ಟಿಭ, ಕುಂಡೆಕುಸ್ಕ, ಸಣ್ಣ ಗೊರವಗಳು. ಗೇಣುದ್ದದ ನೀರಿನಲ್ಲಿ ಮೆಟ್ಟುಗಾಲು ಹಕ್ಕಿ. ಇನ್ನೂ ಒಳಗೆ ಬಣ್ಣದ ಕೊಕ್ಕರೆ, ಚಮಚ ಕೊಕ್ಕು. ಅದರಾಚೆ ತೇಲುವ ಬಾತುಗಳು. ಹೀಗಾಗಿ ಬೈನಾಕ್ಯುಲರ್ ಎತ್ತಿದ ಕೂಡಲೇ ನಡುನೀರಿಗೆ ಹಾರಬೇಡಿ. ದಡದಿಂದ ಶುರುಮಾಡಿ ನಿಧಾನವಾಗಿ ಒಳಕ್ಕೆ ಸಾಗಿ.

ಬೆಳಕು ಮತ್ತು ಸಾಮಗ್ರಿ

ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಿಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ. ಬೆಳಕಿಗೆ ಎದುರಾಗಿ ನಿಂತರೆ ಎಲ್ಲ ಬಾತುಗಳೂ ಒಂದೇ ಕಪ್ಪು ನೆರಳು. 8×42 ಬೈನಾಕ್ಯುಲರ್ ಸಾಕು; ಇದರಲ್ಲಿ 8 ಎಂಬುದು ಹಿಗ್ಗಿಸುವ ಪ್ರಮಾಣ, 42 ಎಂಬುದು ಮುಂದಿನ ಮಸೂರದ ವ್ಯಾಸ ಮಿಲಿಮೀಟರಿನಲ್ಲಿ. ಮಂದವಾದ ಬಣ್ಣದ ಬಟ್ಟೆ, ಪುಟ್ಟ ಟಿಪ್ಪಣಿ ಪುಸ್ತಕ, ನೀರು ಜೊತೆಗಿರಲಿ. ಒಣಗಿದಂತೆ ಕಾಣುವ ಹಿನ್ನೀರಿನ ಕೆಸರಿನ ಮೇಲೆ ಕಾಲಿಡಬೇಡಿ. ಮೇಲಿನ ಪದರ ಗಟ್ಟಿಯಾಗಿದ್ದರೂ ಕೆಳಗೆ ಸೊಂಟದವರೆಗೆ ಹೂತುಹೋಗುವ ಜಾಗಗಳಿರುತ್ತವೆ.

ಮಳೆಗಾಲ: ಮರಗಳನ್ನು ನೋಡಿ

ನೀರು ತುಂಬಿದಾಗ ನೋಟ ಗೂಡುಗಳ ಕಡೆಗೆ ತಿರುಗಲಿ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಮರಿ ಮಾಡುತ್ತವೆ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ಬಿಳಿ ಕೆಂಬರಲುಗಳಿರುತ್ತವೆ. ರಂಗನತಿಟ್ಟಿಗೆ ಹೋಗುವವರು ಕಾವೇರಿಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಕೇಳಿಕೊಂಡು ಹೊರಡಿ. ಹೊಳೆ ಜೋರಾದರೆ ದೋಣಿ ವಿಹಾರ ನಿಲ್ಲುತ್ತದೆ.

ಚಳಿಗಾಲ: ಹೆಬ್ಬಾತುಗಳ ಕಾಲ

ನವೆಂಬರ್‌ನಿಂದ ಮಾರ್ಚ್‌ವರೆಗೆ ಒಂದೇ ಒಂದು ಕೆರೆಗೆ ಹೋಗಲು ಸಾಧ್ಯವಿದ್ದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ರಾಮ್ಸರ್ ತಾಣವಾದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಈ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವುದರಿಂದ ಗುರುತು ತಪ್ಪುವುದಿಲ್ಲ. ಕೆರೆ ಬರಿದಾಗಿ ಕಂಡರೆ ನಿರಾಶರಾಗಬೇಡಿ. ಇವು ಹುಲ್ಲು, ಕಾಳು ಮೇಯುವ ಹಕ್ಕಿಗಳು; ಸುತ್ತಲಿನ ಹೊಲಗಳಿಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು ನೀರಿಗೆ ಮರಳುತ್ತವೆ. ಹೊಲದವರ ಬೆಳೆಗೆ ಹಾನಿಯಾಗುವುದೂ ಉಂಟು. ಹಾಗಾಗಿ ಅವರ ಬದುಗಳನ್ನು ತುಳಿಯದೆ, ಕೇಳಿಕೊಂಡು ಮುಂದೆ ಹೋಗಿ. ಕೆಲವು ಹೆಬ್ಬಾತುಗಳ ಕತ್ತಿನಲ್ಲಿ ಸಂಶೋಧಕರು ತೊಡಿಸಿದ ಬಣ್ಣದ ಪಟ್ಟಿ ಇರುತ್ತದೆ. ಅದರ ಬಣ್ಣವನ್ನೂ ಅಕ್ಷರಗಳನ್ನೂ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿದರೆ ಆ ಹಕ್ಕಿ ಎಲ್ಲಿಂದ ಬಂತು ಎಂಬುದನ್ನು ಪತ್ತೆ ಮಾಡಬಹುದು.

ಮೈಸೂರಿನ ಕಡೆಯವರಿಗೆ ಹದಿನಾರು ಎಂಬ ಊರಿನ ಕೆರೆಯಲ್ಲೂ ಇದೇ ಹೆಬ್ಬಾತುಗಳು ಸಿಗುತ್ತವೆ.

ಬೇಸಿಗೆಯನ್ನು ಕೈಬಿಡಬೇಡಿ

ಬಿಸಿಲಿಗೆ ಹೆದರಿ ಹೆಚ್ಚಿನವರು ಮಾರ್ಚ್ ಮುಗಿಯುತ್ತಲೇ ಬೈನಾಕ್ಯುಲರ್ ಕಪಾಟಿಗೆ ಸೇರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಜಲಾಶಯಗಳು ಅತ್ಯಂತ ಸೊಗಸಾಗಿರುವುದೇ ಆಗ. ಲಕ್ಕವಳ್ಳಿ ಬಳಿ ಭದ್ರಾ ಹಿನ್ನೀರು ಇಳಿದಾಗ ಮೇಲೇಳುವ ಬೋಳು ನಡುಗಡ್ಡೆಗಳ ಮೇಲೆ ನದಿ ರೀವಗಳು ನೆಲದಲ್ಲೇ ಮೊಟ್ಟೆಯಿಡುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ದೋಣಿ ತೀರ ಹತ್ತಿರ ಹೋದರೆ ಇಡೀ ಗುಂಪು ಎದ್ದುಬಿಡುತ್ತದೆ, ಮೊಟ್ಟೆ ಮರಿಗಳು ಸುಡುಬಿಸಿಲಿಗೆ ಬೀಳುತ್ತವೆ. ಒಳ್ಳೆಯ ಫೋಟೊಗಾಗಿ ಇನ್ನೂ ಹತ್ತಿರ ಹೋಗೋಣ ಎಂದು ದೋಣಿಯವರನ್ನು ದಯವಿಟ್ಟು ಒತ್ತಾಯಿಸಬೇಡಿ. ಡ್ರೋನ್ ಅಂತೂ ಬೇಡವೇ ಬೇಡ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಮರಿಗಳು ಬೇಸಿಗೆಯ ಹೊತ್ತಿಗೆ ಬೆಳೆದು ನಿಂತಿರುತ್ತವೆ. ಅದು ಜನ ವಾಸಿಸುವ ಊರು ಎಂಬುದು ನೆನಪಿರಲಿ, ಅಂಗಳಕ್ಕೆ ಅನುಮತಿ ಕೇಳಿಯೇ ಕಾಲಿಡಿ.

ಎಣಿಸಿ, ಬರೆದಿಡಿ

ದಿನಾಂಕ, ಸಮಯ, ಸ್ಥಳ, ಹಕ್ಕಿಯ ಸಂಖ್ಯೆ, ಆ ದಿನದ ನೀರಿನ ಮಟ್ಟ ಇಷ್ಟನ್ನು ಬರೆಯಿರಿ. ದೊಡ್ಡ ಗುಂಪಾದರೆ ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅಷ್ಟು ಗುಂಪು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಳತೆ ಮಾಡಿಕೊಂಡು ಉಳಿದದ್ದನ್ನು ಅಂದಾಜಿಸಿ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಆಸಕ್ತರು ಸ್ವಯಂಸೇವಕರಾಗಿ ಸೇರಬಹುದು. ಹೆಸರಾಂತ ತಾಣಗಳಿಗೆ ಎಣಿಸುವವರು ಹೇಗೂ ಸಿಗುತ್ತಾರೆ. ನಿಮ್ಮೂರಿನ ಕೆರೆಯನ್ನು ನೀವು ವಹಿಸಿಕೊಳ್ಳಿ.