ಬುಕ್‌ಮಾರ್ಕ್ ಮಾಯವಾದರೆ: ಹೊಸದನ್ನು ಸೇವ್ ಮಾಡುವ ಮೊದಲು ನೋಡಬೇಕಾದ್ದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು, ಬರುವುದು, ಬಂದಷ್ಟೇ ಬೇಗ ಮತ್ತೆ ಹೋಗುವುದು ಇದ್ದದ್ದೇ. ಯುಪಿಎಸ್ ಬ್ಯಾಟರಿ ಕೈಕೊಟ್ಟಿದ್ದರೆ ಕಂಪ್ಯೂಟರ್ ದಿಢೀರನೆ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದಾಗ ಕೆಲವೊಮ್ಮೆ ಭೂಮಿ, ಕಾವೇರಿ, ಸೇವಾ ಸಿಂಧು, ಅಡಿಕೆ ಧಾರಣೆ ಎಂದು ವರ್ಷಗಟ್ಟಲೆ ಬ್ರೌಸರಿನಲ್ಲಿ ಜೋಡಿಸಿಟ್ಟ ಲಿಂಕುಗಳ, ಅಂದರೆ ಬುಕ್‌ಮಾರ್ಕ್‌ಗಳ, ಜಾಗ ಖಾಲಿ. ಆಗ ಬಹಳಷ್ಟು ಜನ ಮಾಡುವುದು ಒಂದೇ: ಗೂಗಲ್‌ನಲ್ಲಿ ಹುಡುಕಿ ಒಂದೊಂದನ್ನೇ ಹೊಸದಾಗಿ ಸೇವ್ ಮಾಡತೊಡಗುವುದು. ದಯವಿಟ್ಟು ಹಾಗೆ ಮಾಡಬೇಡಿ. ಕ್ರೋಮ್ ಬ್ರೌಸರ್ ಇಟ್ಟುಕೊಳ್ಳುವುದು ಒಂದೇ ಒಂದು ಬ್ಯಾಕಪ್ (ಹಿಂದಿನ ಪಟ್ಟಿಯ ನಕಲು). ಬ್ರೌಸರ್ ತೆರೆದ ಮೇಲೆ ಬುಕ್‌ಮಾರ್ಕ್‌ಗಳಲ್ಲಿ ಮೊದಲ ಬದಲಾವಣೆ ಆದಾಗ ಈಗಿರುವ ಫೈಲನ್ನೇ ಆ ಬ್ಯಾಕಪ್ ಮೇಲೆ ಬರೆದುಬಿಡುತ್ತದೆ. ಈಗಿರುವುದು ಖಾಲಿಯಾಗಿದ್ದರೆ ಬ್ಯಾಕಪ್ ಕೂಡ ಖಾಲಿಯಾಗುತ್ತದೆ.

ನಿಜವಾಗಿಯೂ ಹೋಗಿದೆಯೇ ಎಂದು ಮೊದಲು ನೋಡಿ. ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ಮರೆಯಾದ ಬುಕ್‌ಮಾರ್ಕ್ ಬಾರ್ ಮರಳುತ್ತದೆ. ಕಂಟ್ರೋಲ್, ಶಿಫ್ಟ್, ಓ ಒತ್ತಿದರೆ ಬುಕ್‌ಮಾರ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಲಿಂಕಿನ ಹೆಸರು ಹಾಕಿ ಹುಡುಕಿ. ಮೌಸ್ ಜಾರಿ ಇಡೀ ಫೋಲ್ಡರ್ ಇನ್ನೊಂದರ ಒಳಗೆ ಸೇರಿಕೊಂಡಿರುವುದು ಸಾಮಾನ್ಯ. ಈಗಷ್ಟೇ ಅಳಿಸಿಹೋಗಿದ್ದರೆ ಅದೇ ಮ್ಯಾನೇಜರಿನಲ್ಲಿ ಕಂಟ್ರೋಲ್, ಝಡ್ ಒತ್ತಿ. ಬ್ರೌಸರ್ ಮುಚ್ಚಿ ತೆರೆದ ಮೇಲೆ ಈ ದಾರಿ ಇಲ್ಲ. ಹಿಸ್ಟರಿ, ಕ್ಯಾಶ್ ಕ್ಲಿಯರ್ ಮಾಡಿದ್ದರಿಂದ ಹೋಯಿತು ಎಂಬ ಅನುಮಾನ ಬೇಡ, ಅದು ಬುಕ್‌ಮಾರ್ಕ್‌ಗಳನ್ನು ಮುಟ್ಟುವುದಿಲ್ಲ.

ಗ್ರಾಮ ಒನ್ ಕೇಂದ್ರ, ಝೆರಾಕ್ಸ್ ಅಂಗಡಿ, ಸೊಸೈಟಿ ಕಚೇರಿಗಳಲ್ಲಿ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದ್ದು ಪ್ರೊಫೈಲ್, ಅಂದರೆ ಒಬ್ಬೊಬ್ಬ ಬಳಕೆದಾರರಿಗೆ ಕ್ರೋಮ್ ಬೇರೆಬೇರೆಯಾಗಿ ಇಡುವ ಖಾನೆ. ಅರ್ಜಿ ಹಾಕಲು ಬಂದವರ ಜಿಮೇಲ್ ತೆರೆಯುವಾಗ ಕ್ರೋಮ್ ಹೊಸ ಪ್ರೊಫೈಲ್ ಮಾಡಲೇ ಎಂದು ಕೇಳುತ್ತದೆ, ಅವಸರದಲ್ಲಿ ಒಪ್ಪಿಬಿಡುತ್ತೇವೆ. ಮರುದಿನ ಅದೇ ಪ್ರೊಫೈಲ್ ತೆರೆದುಕೊಂಡರೆ ನಿಮ್ಮದೇನೂ ಕಾಣದು. ಬಲಗಡೆ ಮೇಲಿನ ದುಂಡು ಚಿತ್ರ ಒತ್ತಿ ಹಳೆಯ ಪ್ರೊಫೈಲ್‌ಗೆ ಹೋದರೆ ಎಲ್ಲವೂ ಅಲ್ಲೇ ಇರುತ್ತದೆ. ಗೂಗಲ್ ಖಾತೆಯಿಂದ ಸೈನ್ ಔಟ್ ಆಗಿದ್ದರೂ ಖಾತೆಯಲ್ಲಿ ಸೇವ್ ಆದವು ಕಾಣಿಸದಿರಬಹುದು, ಸೈನ್ ಇನ್ ಆಗಿ ನೋಡಿ.

ಇಷ್ಟಕ್ಕೂ ಸಿಗದಿದ್ದರೆ ಫೈಲಿಗೆ ಕೈ ಹಾಕಬೇಕು. ಮೊದಲು ಇಂಟರ್ನೆಟ್ ಕೇಬಲ್ ಕಿತ್ತಿಡಿ, ಇಲ್ಲವೇ ವೈಫೈ ಆಫ್ ಮಾಡಿ. ಸಿಂಕ್ (ಒಂದೇ ಖಾತೆಯ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಒಂದೇ ಪಟ್ಟಿ ಇರುವಂತೆ ಮಾಡುವ ಸೌಲಭ್ಯ) ಆನ್ ಇದ್ದರೆ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ, ನೀವು ಮರಳಿ ತಂದದ್ದನ್ನೂ ಅದು ಮತ್ತೆ ಅಳಿಸಬಹುದು. ಕ್ರೋಮ್ ಪೂರ್ತಿ ಮುಚ್ಚಿ. ಕಿಟಕಿ ಮುಚ್ಚಿದರೂ ಹಿನ್ನೆಲೆಯಲ್ಲಿ ಓಡುತ್ತಿರುವುದುಂಟು, ಟಾಸ್ಕ್ ಮ್ಯಾನೇಜರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆ್ಯಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡೀಫಾಲ್ಟ್ ಎಂದು ಒಂದೊಂದೇ ತೆರೆಯುತ್ತ ಹೋಗಿ. ಎಡ್ಜ್ ಆದರೆ ಗೂಗಲ್, ಕ್ರೋಮ್ ಬದಲು ಮೈಕ್ರೋಸಾಫ್ಟ್, ಎಡ್ಜ್. ಎರಡನೇ ಪ್ರೊಫೈಲ್ ಇದ್ದರೆ ಫೋಲ್ಡರಿನ ಹೆಸರು ಪ್ರೊಫೈಲ್ 1. ಆ್ಯಪ್‌ಡೇಟಾ ಕಾಣದಿದ್ದರೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ, ಫೈಲ್ ಹೆಸರಿನ ಕೊನೆಯ ಭಾಗವೂ ಕಾಣಲು ಅಲ್ಲೇ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಕೂಡ.

ಅಲ್ಲಿ ಬುಕ್‌ಮಾರ್ಕ್ಸ್ ಮತ್ತು ಬುಕ್‌ಮಾರ್ಕ್ಸ್ ಡಾಟ್ ಬಿಎಕೆ ಎಂಬ ಎರಡು ಫೈಲುಗಳಿರುತ್ತವೆ. ಎರಡನ್ನೂ ಡೆಸ್ಕ್‌ಟಾಪಿಗೆ ಕಾಪಿ ಮಾಡಿಕೊಳ್ಳಿ, ಈ ಹೆಜ್ಜೆ ಬಿಡಲೇಬಾರದು. ಬಳಿಕ ಕಾಪಿಗಳ ಸೈಜ್ ನೋಡಿ. 1–2 ಕೆಬಿ ಇದ್ದರೆ ಹೆಚ್ಚುಕಮ್ಮಿ ಖಾಲಿಯೇ, ಹತ್ತಾರು ಕೆಬಿ ಇದ್ದರೆ ಒಳಗೆ ಏನೋ ಇದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಸೈಟುಗಳ ಹೆಸರು, ವಿಳಾಸ ಓದಲು ಬರುತ್ತವೆ. ಬಿಎಕೆ ಫೈಲಿನಲ್ಲಿ ನಿಮ್ಮ ಲಿಂಕುಗಳಿದ್ದರೆ, ಮೂಲ ಫೋಲ್ಡರಿನಲ್ಲಿ ಬುಕ್‌ಮಾರ್ಕ್ಸ್ ಫೈಲಿಗೆ ಬೇರೆ ಹೆಸರು ಕೊಟ್ಟು, ಇನ್ನೊಂದರ ಹೆಸರಿನಿಂದ ಡಾಟ್ ಬಿಎಕೆ ತೆಗೆದುಹಾಕಿ. ನೆಟ್ ಇಲ್ಲದೆಯೇ ಕ್ರೋಮ್ ತೆರೆಯಿರಿ. ಪಟ್ಟಿ ಮರಳಿದ್ದರೆ ಆ ಕ್ಷಣವೇ ಬುಕ್‌ಮಾರ್ಕ್ ಮ್ಯಾನೇಜರಿನ ಮೂರು ಚುಕ್ಕೆ ಒತ್ತಿ ಎಕ್ಸ್‌ಪೋರ್ಟ್ ಮಾಡಿ ಎಚ್‌ಟಿಎಂಎಲ್ ಫೈಲ್ ಉಳಿಸಿಕೊಳ್ಳಿ. ನೆಟ್ ಹಾಕಿದ ಮೇಲೆ ಸಿಂಕ್ ಮತ್ತೆ ಅಳಿಸಿದರೆ ಅದೇ ಫೈಲನ್ನು ಇಂಪೋರ್ಟ್ ಮಾಡಿ. ಹಾಗೆ ಬಂದವನ್ನು ಕ್ರೋಮ್ ಹೊಸ ಬುಕ್‌ಮಾರ್ಕ್‌ಗಳೆಂದೇ ಎಣಿಸುತ್ತದೆ, ಅವು ನಿಲ್ಲುತ್ತವೆ.

ಫೈರ್‌ಫಾಕ್ಸ್ ಬಳಸುವವರಿಗೆ ಇಷ್ಟು ಕಷ್ಟವಿಲ್ಲ. ಅದು ದಿನಾಂಕ ಹಾಕಿದ 15 ಬ್ಯಾಕಪ್‌ವರೆಗೆ ತಾನೇ ಇಟ್ಟುಕೊಂಡಿರುತ್ತದೆ. ಕಂಟ್ರೋಲ್, ಶಿಫ್ಟ್, ಓ ಒತ್ತಿ, ಇಂಪೋರ್ಟ್ ಆ್ಯಂಡ್ ಬ್ಯಾಕಪ್ ಮೆನುವಿನ ರಿಸ್ಟೋರ್‌ನಲ್ಲಿ ದಿನಾಂಕ ಆರಿಸಿದರಾಯಿತು. ಈಗಿರುವುದೆಲ್ಲ ಹೋಗಿ ಆ ದಿನದ ಪಟ್ಟಿ ಬರುತ್ತದೆ ಎಂಬುದು ನೆನಪಿರಲಿ.

ಲಿಂಕ್ ಇದೆ, ಆದರೆ ಪುಟ ತೆರೆಯುತ್ತಿಲ್ಲ ಎನ್ನುವುದು ಬೇರೆಯೇ ಸಮಸ್ಯೆ. ರಾಜ್ಯದ ಎಷ್ಟೋ ಇಲಾಖೆಗಳ ಸೈಟುಗಳು ಎನ್‌ಐಸಿಯ (ಕೇಂದ್ರ ಸರ್ಕಾರದ ಐಟಿ ಸಂಸ್ಥೆ) ಹಳೆಯ ವಿಳಾಸದಿಂದ ಕರ್ನಾಟಕ ಡಾಟ್ ಗವ್ ಡಾಟ್ ಇನ್ ವಿಳಾಸಕ್ಕೆ ಹೋಗಿವೆ. ನೋಂದಣಿ ಇಲಾಖೆ 2023ರಲ್ಲಿ ಕಾವೇರಿ 2.0 ತಂದಾಗಲೂ ವಿಳಾಸ ಬದಲಾಯಿತು. ಬುಕ್‌ಮಾರ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್‌ನಲ್ಲಿ ಹೊಸ ವಿಳಾಸ ಹಾಕಿದರೆ ಸಾಕು. ಸೆಷನ್ ಮುಗಿದಿದೆ ಎಂದು ಬರುತ್ತಿದ್ದರೆ ಲಾಗಿನ್ ಆದ ಮೇಲಿನ ಪುಟವನ್ನು ಸೇವ್ ಮಾಡಿದ್ದೀರಿ ಎಂದರ್ಥ, ಮುಖಪುಟವನ್ನೇ ಸೇವ್ ಮಾಡಿ. ಎಲ್ಲ ಸೈಟುಗಳೂ ಒಮ್ಮೆಲೇ ಸುರಕ್ಷಿತವಲ್ಲ ಎಂದು ಎಚ್ಚರಿಸತೊಡಗಿದರೆ ಪರದೆಯ ಮೂಲೆಯ ದಿನಾಂಕ ನೋಡಿ. ಕರೆಂಟ್ ಹೋಗಿಬಂದಾಗಲೆಲ್ಲ ಅದು ಹಳೆಯ ವರ್ಷಕ್ಕೆ ಜಾರುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು 3 ವೋಲ್ಟಿನ ಸಿಆರ್ 2032, ಬದಲಿಸುವುದು ಸುಲಭ.

ಎಚ್‌ಟಿಎಂಎಲ್ ಎಕ್ಸ್‌ಪೋರ್ಟನ್ನು ತಿಂಗಳಿಗೊಮ್ಮೆ ಮಾಡಿ ಪೆನ್‌ಡ್ರೈವಿನಲ್ಲಿಡಿ. ಕಂಪ್ಯೂಟರ್ ಫಾರ್ಮ್ಯಾಟ್‌ಗೆ ಕೊಡುವ ಮುನ್ನವಂತೂ ಖಂಡಿತ ಮಾಡಿ. ಅಂಗಡಿಯಲ್ಲಿ ಗಿರಾಕಿಗಳ ಜಿಮೇಲ್ ತೆರೆಯಲು ಕ್ರೋಮ್‌ನ ಗೆಸ್ಟ್ ವಿಂಡೋವನ್ನೇ ಬಳಸಿ. ಅದನ್ನು ಮುಚ್ಚಿದೊಡನೆ ಅವರ ಲಾಗಿನ್ ಅಳಿಯುತ್ತದೆ, ನಿಮ್ಮ ಪ್ರೊಫೈಲ್ ಇದ್ದಹಾಗೇ ಇರುತ್ತದೆ.