ನಮ್ಮ ಮದುವೆ ಕರೆಯೋಲೆಯನ್ನು ಚಮಚದಲ್ಲಿ ಅಚ್ಚು ಹಾಕಿದ್ದು

ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಪ್ರಿಂಟ್‌ಮೇಕಿಂಗ್, ಅಂದರೆ ಅಚ್ಚು ಮಾಡಿ ಚಿತ್ರ ಮುದ್ರಿಸೋದು, ಕಲಿತು ಹೊರಗೆ ಬಂದಾಗ ನನ್ನ ಹತ್ತಿರ ಉಳಿಗಳಿದ್ದವು, ಪ್ರೆಸ್ ಇರಲಿಲ್ಲ. ಎಚಿಂಗ್ ಮಾಡಬೇಕಂದ್ರೆ ತಗಡು ಬೇಕು, ಅದರಲ್ಲಿ ಗೆರೆ ಕೊರೆಯೋಕೆ ಆಸಿಡ್ ಬೇಕು, ಭಾರದ ಪ್ರೆಸ್ ಬೇಕು. ಬಾಡಿಗೆ ರೂಮಿನ ಓನರ್ ಇದಕ್ಕೆಲ್ಲ ಒಪ್ತಾರಾ? ಲಿನೋಲಿಯಂಗೆ, ನಮ್ಮ ಬಾಯಲ್ಲಿ ಲಿನೋಗೆ, ಆ ತಾಪತ್ರಯ ಇಲ್ಲ. ಅಗಸೆ ಎಣ್ಣೆಯಲ್ಲಿ ಕಾರ್ಕ್ ಪುಡಿ ಕಲಸಿ, ಸೆಣಬಿನ ಬಟ್ಟೆ ಮೇಲೆ ಹಚ್ಚಿ ಮಾಡಿದ ನೆಲಹಾಸು ಅದು. ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗಿ, ಉಳಿ ಸಲೀಸಾಗಿ ಓಡುತ್ತದೆ. ಕೆತ್ತದೆ ಉಳಿದ ಭಾಗಕ್ಕಷ್ಟೇ ಶಾಯಿ ಹತ್ತುತ್ತದೆ, ಅದೇ ಕಾಗದಕ್ಕೆ ಇಳಿಯುತ್ತದೆ.

ನನ್ನ ಹೆಂಡತಿಯಾಗಲಿದ್ದವಳು ಆಗ ಹವ್ಯಾಸಿ ನಾಟಕ ತಂಡಗಳಿಗೆ ಲೈಟಿಂಗ್ ಮಾಡುತ್ತಿದ್ದಳು. ದುಡ್ಡು ಇಬ್ಬರ ಹತ್ತಿರವೂ ಇರಲಿಲ್ಲ, ಟೈಮ್ ಮಾತ್ರ ಬೇಕಾದಷ್ಟಿತ್ತು. ನಮ್ಮ ಕೆಲಸ ಹೇಗೆ ಕಾಣಬೇಕು ಅನ್ನೋದನ್ನು ತೀರ್ಮಾನ ಮಾಡಿದ್ದು ಇದೇ, ಸುಮ್ನೆ ಹೇಳ್ತಿಲ್ಲ. ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಲಿನೋಕಟ್ ನೋಡಿರುತ್ತೀರಿ, ದಂಡಿಗೆ ಹೊರಟ ಗಾಂಧಿ, ಕೈಯಲ್ಲಿ ಕೋಲು, ಕಪ್ಪಿನ ಮೇಲೆ ಬಿಳಿ ಗೆರೆ. ನನಗೆ ಆ ಕಪ್ಪಿನ ಮೇಲೆ ಆಸೆ. ಆದರೆ ಅಷ್ಟು ಕಪ್ಪು ಶಾಯಿ ಕುಡಿಯುತ್ತದೆ. ಹಾಗಾಗಿ ನಾನು ಉಲ್ಟಾ ಮಾಡಿದೆ. ಸುತ್ತಲಿನ ಜಾಗವನ್ನೆಲ್ಲ ಗಂಟೆಗಟ್ಟಲೆ ಕೆತ್ತಿ ತೆಗೆದು, ಬರೀ ಗೆರೆಯನ್ನಷ್ಟೇ ಉಳಿಸೋದು. ಕೆತ್ತೋದಕ್ಕೆ ಯಾರೂ ದುಡ್ಡು ಕೇಳಲ್ಲ, ಅಲ್ವಾ?

ನಾವು ಮದುವೆಯಾಗಿದ್ದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ. ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಆ ದಿನಗಳಲ್ಲೇ ಕರೆಯೋಲೆ ಮಾಡಿದೆವು. ಪರಿಚಯದ ಒಂದು ಪ್ರೆಸ್‌ನಲ್ಲಿ ಡಬ್ಬದ ತಳದಲ್ಲಿ ಉಳಿದಿದ್ದ ಆಫ್‌ಸೆಟ್ ಕಪ್ಪು ಶಾಯಿ ಸಿಕ್ಕಿತು, ಜೊತೆಗೆ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳು. ಕಾರ್ಡಿನ ಅಳತೆಯನ್ನು ನಾವು ಆರಿಸಲಿಲ್ಲ, ಆ ಪಟ್ಟಿಗಳೇ ಆರಿಸಿದವು. ಶಾಯಿ ತೆಳ್ಳಗಿದ್ದರೆ ಚಿಟಿಕೆ ಟಾಲ್ಕಂ ಪೌಡರ್ ಕಲಸಿ. ರೋಲರ್ ಓಡಿಸುವಾಗ ಚರಚರ ಅಂತ ಸಣ್ಣ ಸದ್ದು ಬರಬೇಕು. ಪಚಪಚ ಅಂದರೆ ಶಾಯಿ ಜಾಸ್ತಿಯಾಗಿದೆ ಅಂತ ಅರ್ಥ.

ಕನ್ನಡ ಅಕ್ಷರ ಕೆತ್ತೋದು ದೊಡ್ಡ ಕಥೆ. ಟ್ರೇಸಿಂಗ್ ಪೇಪರಿನಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಬರೆದು, ಮಗುಚಿ ಹಾಕಿ ಉಜ್ಜಿದರೆ ಕನ್ನಡಿ ಬಿಂಬದ ಹಾಗೆ ಲಿನೋ ಮೇಲೆ ಇಳಿಯುತ್ತದೆ. ಅಲ್ಲಿವರೆಗೆ ಸುಲಭ. ಠ, ಥ ಅಕ್ಷರಗಳ ಹೊಟ್ಟೆಯೊಳಗಿನ ಚುಕ್ಕೆ ಇದೆಯಲ್ಲ, ಸಣ್ಣ ಅಳತೆಯಲ್ಲಿ ಅದು ಒಂಟಿಯಾಗಿ ನಿಂತಿರುತ್ತದೆ, ಉಜ್ಜುವಾಗ ಉದುರಿ ಹೋಗಬಹುದು. ಧ ಅಕ್ಷರದ ಸೀಳಿನಲ್ಲಿ ಶಾಯಿ ತುಂಬಿ ಅದು ದ ಆಗಿಬಿಡುತ್ತದೆ. ಅದಕ್ಕೇ ಮಹಾಪ್ರಾಣಗಳನ್ನೆಲ್ಲ ಕೈಬಿಟ್ಟೆವು. ವಧು ಹೋದಳು, ಶುಭ ಹೋಯಿತು. ಉಳಿದದ್ದು: "ನಾವು ಮದುವೆ ಆಗುತ್ತಿದ್ದೇವೆ. ಬನ್ನಿ. ಊಟ ಇದೆ." ತಾರೀಖು ಇನ್ನೂ ಗೊತ್ತಿರಲಿಲ್ಲ, ಕಚೇರಿಯವರು ಹೇಳಬೇಕಿತ್ತು, ಆ ಜಾಗ ಖಾಲಿ ಬಿಟ್ಟು ಆಮೇಲೆ ಅವಳು ಪೆನ್ನಿನಲ್ಲಿ ಬರೆದಳು.

ಪ್ರೆಸ್ ಬದಲು ಸ್ಟೀಲ್ ಚಮಚ. ಶಾಯಿ ಹಚ್ಚಿದ ಬ್ಲಾಕ್ ಮೇಲೆ ಕಾಗದ ಇಟ್ಟು, ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಚಮಚದ ಬೆನ್ನಿನಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಬೇಕು. ಒಂದು ಮೂಲೆ ಎತ್ತಿ ನೋಡಬಹುದು, ಮಸುಕಾಗಿದ್ದರೆ ಹಾಗೇ ಇಳಿಸಿ ಮತ್ತೆ ಉಜ್ಜಿ. ಚಮಚ ಬಿಸಿಯಾಗುತ್ತದೆ, ಬಟ್ಟೆ ಸುತ್ತಿಕೊಂಡರೆ ಹೆಬ್ಬೆರಳು ಉಳಿಯುತ್ತದೆ. ಆಮೇಲೆ ಬ್ಲಾಕ್ ಒರೆಸೋಕೆ ಸೀಮೆಎಣ್ಣೆಯೇ ಬೇಕಂತಿಲ್ಲ, ಅಡುಗೆ ಎಣ್ಣೆ ಸಾಕು.

ಮದುವೆ ಆಗಿದ್ದು ಆಷಾಢದಲ್ಲಿ. ಆಗ ಛತ್ರ ಅಗ್ಗ, ಯಾರಿಗೂ ಬೇಡ ನೋಡಿ. ಮೊದಲೇ ಇದ್ದ ಹಿರಿಯರ ಸಿಟ್ಟಿಗೆ ಅದೂ ಒಂದು ಸೇರಿಕೊಂಡಿತು. ಮಳೆಗೆ ಶಾಯಿ ಬೇಗ ಒಣಗಲಿಲ್ಲ. ರೂಮಿನ ತುಂಬಾ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಕಾರ್ಡ್ ನೇತುಹಾಕಿ, ನಾವು ಬಗ್ಗಿಕೊಂಡು ಓಡಾಡಿದೆವು.

ಬಡತನದಿಂದ ಕಲೆ ಹುಟ್ಟುತ್ತದೆ ಅನ್ನೋ ಮಾತು ನನಗೆ ಇಷ್ಟ ಇಲ್ಲ. ಬಾಡಿಗೆ ಕಟ್ಟೋ ದಿನ ಯಾವ ಗೆರೆಯೂ ಚೆಂದ ಕಾಣುತ್ತಿರಲಿಲ್ಲ. ಆದರೆ ಆ ಬೋಳು ಬಿಳಿ ಜಾಗ ನನ್ನ ಕೈಗೆ ಅಂಟಿಬಿಟ್ಟಿತು. ಬೆಂಗಳೂರಿನ ಚಿತ್ರಸಂತೆಯಲ್ಲಿ ನನ್ನ ಪ್ರಿಂಟ್ ನೋಡಿದವರು "ತುಂಬಾ ಮಿನಿಮಲ್" ಅಂತಾರೆ. ಶಾಯಿ ಉಳಿಸಿದ್ದು ಸ್ವಾಮಿ ಅಂತ ಅವಳು ಪಕ್ಕದಿಂದ ಹೇಳ್ತಾಳೆ, ರೇಟ್ ಇಳಿಯುತ್ತದೆ ಅಂತ ನಾನು ಕಣ್ಣು ಬಿಡ್ತೀನಿ. ಈಗ ಟ್ಯೂಬ್ ಶಾಯಿ ಕೊಳ್ಳುವಷ್ಟು ಸಂಪಾದನೆ ಇದೆ. ಈ ವರ್ಷ ಪೂರ್ತಿ ಕಪ್ಪಿನ ಒಂದು ದೊಡ್ಡ ಬ್ಲಾಕ್ ಶುರು ಮಾಡಿದ್ದೇನೆ, ಬಿಳಿ ಗೆರೆ ಕಮ್ಮಿ. ಟ್ಯೂಬುಗಳು ಖಾಲಿಯಾಗೋ ಸ್ಪೀಡ್ ನೋಡಿ ಅವಳು ಲೆಕ್ಕ ಇಡೋಕೆ ಶುರು ಮಾಡಿದ್ದಾಳೆ.