ಮರಣಪೂರ್ವ ಹೇಳಿಕೆ: ದಾಖಲಿಸುವುದು ಹೇಗೆ, ನ್ಯಾಯಾಲಯ ಅಳೆಯುವುದು ಹೇಗೆ

ಗಂಡನ ಮನೆಯಲ್ಲಿ ಮೈ ಸುಟ್ಟುಕೊಂಡೋ ವಿಷ ಸೇರಿಯೋ ಹೆಣ್ಣುಮಗಳೊಬ್ಬಳು ಆಸ್ಪತ್ರೆಗೆ ಬಂದಾಗ, ಮನೆಯೊಳಗೆ ನಡೆದದ್ದನ್ನು ಕಣ್ಣಾರೆ ಕಂಡ ಹೊರಗಿನವರು ಸಾಮಾನ್ಯವಾಗಿ ಇರುವುದಿಲ್ಲ. ಆಕೆ ಉಳಿಯದಿದ್ದರೆ, ಸಾಯುವ ಮುನ್ನ ಆಡಿದ ಮಾತೇ ಕೊಲೆ ಮೊಕದ್ದಮೆಯ ಮುಖ್ಯ ಪುರಾವೆಯಾಗುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬಂದು ಸಾಕ್ಷಿಕಟ್ಟೆಯಲ್ಲಿ ಹೇಳಿದರೆ ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸತ್ತವರು ತಮ್ಮ ಸಾವಿನ ಕಾರಣದ ಬಗ್ಗೆ ಹೇಳಿದ ಮಾತು ಈ ನಿಯಮಕ್ಕೆ ಅಪವಾದ. 1872ರ ಸಾಕ್ಷ್ಯ ಕಾಯ್ದೆಯ 32(1)ನೇ ಕಲಮಿನಲ್ಲಿದ್ದ ಈ ಅಪವಾದ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲಿದೆ.

ಈ ಹೇಳಿಕೆಯೊಂದನ್ನೇ ಆಧರಿಸಿ ಶಿಕ್ಷೆ ವಿಧಿಸಲು ಅಡ್ಡಿಯಿಲ್ಲ ಎಂಬುದು ಖುಶಾಲ್ ರಾವ್ ವಿರುದ್ಧ ಬಾಂಬೆ ರಾಜ್ಯ ಪ್ರಕರಣದಿಂದ (1958ರ ವರದಿ) ಸ್ಥಿರಪಟ್ಟ ಮಾತು. ಆದರೆ ಹೇಳಿದವಳು ಪ್ರಮಾಣ ಮಾಡಿರುವುದಿಲ್ಲ, ಆರೋಪಿಯ ವಕೀಲರಿಗೆ ಆಕೆಯನ್ನು ಪಾಟೀಸವಾಲಿಗೆ ಒಳಪಡಿಸುವ ಅವಕಾಶವೂ ಇರುವುದಿಲ್ಲ. ಹಾಗಾಗಿ ನ್ಯಾಯಾಧೀಶರಿಗೆ ಅದರ ಮೇಲೆ ಪೂರ್ಣ ಭರವಸೆ ಮೂಡಬೇಕು. ಸಾಯುವವರು ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ಜನರಲ್ಲಿದ್ದರೂ, ಅದಷ್ಟರಿಂದಲೇ ಕೇಸು ನಿಲ್ಲುವುದಿಲ್ಲ. ಹೇಳಿಕೆಗೆ ಬಲ ಬರುವುದು ಅದನ್ನು ಪಡೆದ ರೀತಿಯಿಂದ, ಬಿದ್ದುಹೋಗುವುದೂ ಅದರಿಂದಲೇ.

ಆಸ್ಪತ್ರೆಯ ಬಾಗಿಲಲ್ಲಿ

ಮೊದಲ ಹೆಜ್ಜೆ ಪೊಲೀಸ್ ಠಾಣೆಯಲ್ಲಲ್ಲ, ತುರ್ತು ಚಿಕಿತ್ಸಾ ವಿಭಾಗದಲ್ಲಿ. ಡ್ಯೂಟಿ ಡಾಕ್ಟರ್ “ಏನಾಯಿತು?” ಎಂದು ಕೇಳಿ ಎಂಎಲ್‌ಸಿ (ಪೊಲೀಸ್ ತನಿಖೆಗೆ ಒಳಪಡಬಹುದಾದ ಗಾಯದ ಪ್ರಕರಣಗಳ) ಪುಸ್ತಕದಲ್ಲಿ ಬರೆಯುವ ಒಂದು ಸಾಲು ಮುಂದೆ ವರ್ಷಗಟ್ಟಲೆ ಬೆನ್ನು ಹತ್ತುತ್ತದೆ. ಕರೆತಂದವನು ಗಂಡನೇ ಆಗಿದ್ದು, ಅವನೇ ಮುಂದೆ ನಿಂತು “ಸ್ಟೌ ಸಿಡಿಯಿತು” ಎಂದರೆ ಆ ಸಾಲು ದಾಖಲಾಗುತ್ತದೆ. ಆದ್ದರಿಂದ ಜೊತೆಗಿರುವವರು ಕೇಳಿಕೊಳ್ಳಬೇಕಾದದ್ದು ಎರಡು: ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದರೆ ಅವಳನ್ನೇ ಕೇಳಿ ಬರೆಯಬೇಕು, ಮಾಹಿತಿ ಕೊಟ್ಟವರು ಯಾರು ಎಂಬುದೂ ಬರಹದಲ್ಲಿರಬೇಕು. ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗಿದೆಯೇ ಎಂದು ವಿಚಾರಿಸಿ, ಹೋಗಿರದಿದ್ದರೆ 112ಕ್ಕೆ ಕರೆ ಮಾಡಬಹುದು.

ಇದನ್ನು ತಡಮಾಡುವಂತಿಲ್ಲ. ಬೆಂಕಿಯ ಹೊಗೆ ಕುಡಿದವರ ಗಂಟಲು ಊದಿಕೊಂಡು ಕೆಲವು ಗಂಟೆಗಳಲ್ಲೇ ಧ್ವನಿ ಅಡಗಬಹುದು. ನೋವಿಗೆ ಕೊಡುವ ಬಲವಾದ ಇಂಜೆಕ್ಷನ್‌ನಿಂದ ಮಂಪರು ಕವಿಯಬಹುದು. ತಾಲ್ಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಸಾಗಿಸುವ ಹೊತ್ತಿನಲ್ಲೇ ಮಾತು ನಿಂತುಹೋಗುವ ಸಂಭವವಿರುವುದರಿಂದ, ಚಿಕಿತ್ಸೆಗೆ ತೊಂದರೆಯಾಗದಿದ್ದರೆ ಹೊರಡುವ ಮುನ್ನವೇ ಹೇಳಿಕೆ ಪಡೆಯುವುದು ಲೇಸು.

ಬರೆದುಕೊಳ್ಳುವವರು ಯಾರು?

ಇಂಥವರೇ ಬರೆದುಕೊಳ್ಳಬೇಕೆಂದು ಕಾನೂನು ಹೇಳುವುದಿಲ್ಲ. ತನಿಖಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ಕೋರಿಕೆ ಪತ್ರ ಕಳುಹಿಸುವುದು ರೂಢಿ. ನಮ್ಮಲ್ಲಿ ಬಹುಮಟ್ಟಿಗೆ ತಾಲ್ಲೂಕು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾದ ತಹಸೀಲ್ದಾರರೇ ಬರುತ್ತಾರೆ. ಅವರು ಬರುವಷ್ಟು ಸಮಯವಿಲ್ಲದಿದ್ದರೆ ವೈದ್ಯರು, ನರ್ಸ್, ಕೊನೆಗೆ ನೆರೆಮನೆಯವರು ಕೇಳಿಸಿಕೊಂಡ ಮಾತೂ ಪುರಾವೆಯೇ. ಪೊಲೀಸರು ಬರೆದುಕೊಂಡದ್ದು ನಿಷಿದ್ಧವಲ್ಲವಾದರೂ, ಬೇರೆಯವರು ಸಿಗುವಂತಿದ್ದೂ ಅವರನ್ನು ಏಕೆ ಕರೆಯಲಿಲ್ಲ ಎಂಬ ಪ್ರಶ್ನೆಗೆ ತನಿಖಾಧಿಕಾರಿ ಉತ್ತರ ಸಿದ್ಧವಿಟ್ಟುಕೊಂಡಿರಬೇಕಾಗುತ್ತದೆ.

ಬರೆಯುವ ಮುನ್ನ ಬಂಧುಗಳನ್ನು ಹೊರಗೆ ಕಳುಹಿಸಬೇಕು. ಗಂಡನ ಕಡೆಯವರನ್ನು ಮಾತ್ರವಲ್ಲ, ತವರಿನವರನ್ನೂ. ಮಗಳ ಪಕ್ಕದಿಂದ ಎದ್ದು ಹೋಗೆಂದು ತಾಯಿಗೆ ಹೇಳುವುದು ಕ್ರೂರವೆನಿಸಬಹುದು. ಆದರೆ ‘ತಾಯಿ ಹೇಳಿಕೊಟ್ಟಳು’ ಎಂಬ ವಾದಕ್ಕೆ ಎಡೆ ಸಿಕ್ಕರೆ, ನಿಜವಾದ ಮಾತಿನ ಮೇಲೂ ಅನುಮಾನ ಬೀಳುತ್ತದೆ.

ಆಮೇಲೆ, ಹೇಳಿಕೆ ಕೊಡುವ ಮನಃಸ್ಥಿತಿ ಆಕೆಗಿದೆಯೇ ಎಂದು ವೈದ್ಯರು ನೋಡಿ ಸಮಯ ಸಹಿತ ಬರೆದುಕೊಡಬೇಕು. ಈ ಷರಾ ವಿಷಯದಲ್ಲಿ ದೊಡ್ಡ ಜಿಜ್ಞಾಸೆಯೇ ನಡೆದಿದೆ. 1999ರಲ್ಲಿ ಆಂಧ್ರಪ್ರದೇಶದ ಒಂದು ಪ್ರಕರಣದಲ್ಲಿ ವೈದ್ಯರು ರೋಗಿಗೆ ಪ್ರಜ್ಞೆಯಿದೆ ಎಂದಷ್ಟೇ ಬರೆದಿದ್ದರು. ಪ್ರಜ್ಞೆಯಿರುವುದು ಬೇರೆ, ಹೇಳಿಕೆ ಕೊಡುವಷ್ಟು ಮನಸ್ಸು ಸ್ವಸ್ಥವಾಗಿರುವುದು ಬೇರೆ ಎಂದು ಸುಪ್ರೀಂ ಕೋರ್ಟ್ ಆ ಹೇಳಿಕೆಯನ್ನು ನಂಬಲಿಲ್ಲ. ಅದು ಅತಿ ತಾಂತ್ರಿಕ ನೋಟವೆಂದು 2002ರಲ್ಲಿ ಲಕ್ಷ್ಮಣ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಷರಾ ಎಚ್ಚರಿಕೆಯ ಕ್ರಮವೇ ಹೊರತು ಕಡ್ಡಾಯವಲ್ಲ, ಬರೆದುಕೊಂಡವರಿಗೆ ಆಕೆಯ ಸ್ಥಿತಿ ಮನವರಿಕೆಯಾಗಿದ್ದರೆ ಸಾಕು. ಷರಾ ಇಲ್ಲವೆಂಬ ಒಂದೇ ಕಾರಣಕ್ಕೆ ಹೇಳಿಕೆ ಬೀಳುವುದಿಲ್ಲವಾದರೂ, ಅದನ್ನು ಪಡೆಯುವ ಅವಕಾಶವಿದ್ದಾಗ ಬಿಡುವುದು ಜಾಣತನವಲ್ಲ.

ಅವಳ ಮಾತು, ಅವಳ ನುಡಿಯಲ್ಲಿ

ಹೆಸರು, ಊರು, ಮಕ್ಕಳ ಬಗ್ಗೆ ಮೊದಲು ಕೇಳಿದರೆ ಆಕೆಗೆ ಅರಿವಿದೆಯೇ ಎಂಬುದು ತಿಳಿಯುತ್ತದೆ, ಆ ಉತ್ತರಗಳನ್ನೂ ಬರೆಯಬೇಕು. ಬಳಿಕ “ಏನಾಯಿತು?”, “ಆಗ ಯಾರಿದ್ದರು?” ಎಂಬಂಥ ತೆರೆದ ಪ್ರಶ್ನೆಗಳು. “ಗಂಡನೇ ಬೆಂಕಿ ಹಚ್ಚಿದನೇ?” ಎಂದು ಉತ್ತರವನ್ನು ಬಾಯಿಗಿಡುವ ಪ್ರಶ್ನೆ ಸಲ್ಲದು. ಪ್ರಶ್ನೆಯನ್ನೂ ಉತ್ತರವನ್ನೂ, ಆದಷ್ಟು ಮಟ್ಟಿಗೆ ಅವಳದೇ ಶಬ್ದಗಳಲ್ಲಿ, ಬರೆದ ಹೇಳಿಕೆಗೆ ಹೆಚ್ಚಿನ ತೂಕವಿದೆಯೆಂದು ಖುಶಾಲ್ ರಾವ್ ತೀರ್ಪೇ ಹೇಳಿದೆ.

ಧಾರವಾಡದ ಕಡೆಯ ಹೆಣ್ಣುಮಗಳು “ಅತ್ತಿ ಚಿಮಣಿ ಎಣ್ಣಿ ಸುರದ್ಲ್ರೀ, ಅಂವ ಕಡ್ಡಿ ಗೀರಿದಾ” ಎಂದಳೆಂದುಕೊಳ್ಳಿ. ಅದನ್ನು “ನನ್ನ ಪತಿ ಹಾಗೂ ಅತ್ತೆಯು ಸಮಾನ ಉದ್ದೇಶದಿಂದ ಸೀಮೆಎಣ್ಣೆ ಸುರಿದು ಕೊಲೆಗೆ ಯತ್ನಿಸಿರುತ್ತಾರೆ” ಎಂದು ಬರೆದರೆ ಕಾಗದ ಠಾಕುಠೀಕಾಗಿ ಕಾಣುತ್ತದೆ, ಆದರೆ ಅದು ಆಕೆಯ ಮಾತಲ್ಲವೆಂಬುದು ಪಾಟೀಸವಾಲಿನ ಮೊದಲ ಐದು ನಿಮಿಷದಲ್ಲೇ ಹೊರಬೀಳುತ್ತದೆ. ಯಾರು ಏನು ಮಾಡಿದರೆಂಬ ವ್ಯತ್ಯಾಸವೂ ಅದರಲ್ಲಿ ಅಳಿಸಿಹೋಗಿರುತ್ತದೆ.

ಬರೆದದ್ದನ್ನು ಓದಿ ಹೇಳಿ, ಸರಿಯೆಂದು ಆಕೆ ಒಪ್ಪಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಕೈ ಸುಟ್ಟಿದ್ದರೆ ಕಾಲಿನ ಹೆಬ್ಬೆರಳ ಗುರುತು ಪಡೆದು, ಕಾರಣವನ್ನು ಅಲ್ಲೇ ನಮೂದಿಸಬೇಕು. ಮಾತು ಬಾರದಿದ್ದರೆ ಸನ್ನೆಯೂ ನಡೆಯುತ್ತದೆಂದು ಅಲಹಾಬಾದ್ ಹೈಕೋರ್ಟ್ 1885ರಷ್ಟು ಹಿಂದೆಯೇ ಒಪ್ಪಿದೆ. ಕೇಳಿದ್ದೇನು, ಆಕೆ ಮಾಡಿದ ಸನ್ನೆ ಯಾವುದು ಎಂಬುದನ್ನು ಇದ್ದಂತೆಯೇ ಬರೆಯಬೇಕಷ್ಟೆ. ಅರ್ಧಕ್ಕೆ ಪ್ರಜ್ಞೆ ತಪ್ಪಿದರೆ ಅಲ್ಲಿಗೇ ನಿಲ್ಲಿಸಬೇಕು, ತುಂಬಿಸಬಾರದು. ಹಳೆಯ ಮೈಸೂರು ರಾಜ್ಯದ ಅಬ್ದುಲ್ ಸತ್ತಾರ್ ಪ್ರಕರಣದಲ್ಲಿ (1956ರ ವರದಿ) ಪೂರ್ತಿಯಾಗದ ಹೇಳಿಕೆಯನ್ನೂ, ಹೇಳಿದಷ್ಟು ಖಚಿತವಾಗಿದ್ದ ಕಾರಣ, ಸುಪ್ರೀಂ ಕೋರ್ಟ್ ನೆಚ್ಚಿಕೊಂಡಿತು.

ಎರಡು ಹೇಳಿಕೆ, ಎರಡು ಕಥೆ

ಕೌಟುಂಬಿಕ ಹಿಂಸೆಯ ಮೊಕದ್ದಮೆಗಳ ನಿಜವಾದ ಕಗ್ಗಂಟು ಇದು. ಮೊದಲ ದಿನ “ಅಡುಗೆ ಮಾಡುವಾಗ ಸೆರಗಿಗೆ ಬೆಂಕಿ ತಗುಲಿತು”, ಎರಡನೆಯ ದಿನ “ಅವರೇ ಹಚ್ಚಿದರು”. ಮಕ್ಕಳು ಇನ್ನೂ ಆ ಮನೆಯಲ್ಲೇ ಇರುವಾಗ, ಗಂಡ ಮಂಚದ ಪಕ್ಕದಲ್ಲೇ ನಿಂತಿರುವಾಗ ಮೊದಲ ಉತ್ತರ ಹೇಗೆ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಹಾಗೆಂದು ಎರಡನೆಯದೇ ಸತ್ಯವೆಂದು ನ್ಯಾಯಾಲಯ ಭಾವಿಸಿಕೊಳ್ಳುವಂತಿಲ್ಲ. ನಡುವೆ ತವರಿನವರು ಬಂದು ಹೋಗಿರುತ್ತಾರಲ್ಲ.

ಹೇಳಿಕೆಗಳ ಸಂಖ್ಯೆಯಾಗಲಿ ಯಾವುದು ಮೊದಲಿನದು ಎಂಬುದಾಗಲಿ ಇಲ್ಲಿ ನಿರ್ಣಾಯಕವಲ್ಲ. ಪ್ರತಿಯೊಂದನ್ನೂ ಯಾರ ಎದುರು, ಯಾವ ಸ್ಥಿತಿಯಲ್ಲಿ ಪಡೆದರು, ಉಳಿದ ಪುರಾವೆ ಯಾವುದರ ಕಡೆ ವಾಲುತ್ತದೆ ಎಂದು ನ್ಯಾಯಾಲಯ ನೋಡುತ್ತದೆ. ಸ್ಟೌ ಒಡೆದಿರದೆ ಇದ್ದರೆ, ಕೂದಲಿನಲ್ಲಿ ಸೀಮೆಎಣ್ಣೆ ವಾಸನೆಯಿದ್ದರೆ, ಆರಿಸಲು ಹೋದೆನೆನ್ನುವ ಗಂಡನ ಕೈಯಲ್ಲಿ ಸಣ್ಣ ಗಾಯವೂ ಇಲ್ಲದಿದ್ದರೆ ಆಕಸ್ಮಿಕದ ಕಥೆ ಸಡಿಲವಾಗುತ್ತದೆ. ಮೊದಲ ಹೇಳಿಕೆಯನ್ನು ಮುಚ್ಚಿಡುವುದು ಮಾತ್ರ ಪ್ರಾಸಿಕ್ಯೂಷನ್ ಮಾಡಬಹುದಾದ ಅತಿ ದೊಡ್ಡ ತಪ್ಪು. ಆಸ್ಪತ್ರೆಯ ಕೇಸ್ ಶೀಟ್ ಆರೋಪಿಯ ವಕೀಲರ ಕೈಗೂ ಸಿಗುತ್ತದೆ. ಮಾತು ಏಕೆ ಬದಲಾಯಿತೆಂದು ಎರಡನೆಯ ಹೇಳಿಕೆ ಪಡೆಯುವವರು ಆಕೆಯನ್ನೇ ಕೇಳಿ ಬರೆದುಕೊಳ್ಳುವುದು ಒಳ್ಳೆಯ ಕ್ರಮ.

ಕಾಗದ, ಫೋನ್, ಹಳೆಯ ಮಾತು

ಸಾವು ಎದುರಿಗಿದೆಯೆಂಬ ಅರಿವು ಹೇಳಿಕೆ ಕೊಡುವವರಿಗೆ ಇರಬೇಕೆಂದು ಭಾರತದ ಕಾನೂನು ಬಯಸುವುದಿಲ್ಲ. ಸಾವಿಗೆ ನೇರ ನಂಟಿರುವ ಸಂದರ್ಭಗಳ ಬಗ್ಗೆ ಹಿಂದೆ ಹೇಳಿದ್ದೂ ನಡೆಯುತ್ತದೆಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1939ರಲ್ಲೇ ಹೇಳಿತ್ತು. 1984ರ ಶರದ್ ಸಾರ್ದಾ ಪ್ರಕರಣದಲ್ಲಿ, ಮದುವೆಯಾದ ಕೆಲವೇ ತಿಂಗಳಲ್ಲಿ ವಿಷದಿಂದ ಮೃತಪಟ್ಟ ಹೆಣ್ಣುಮಗಳು ಸಹೋದರಿಗೂ ಗೆಳತಿಗೂ ಬರೆದ ಕಾಗದಗಳು ಪರಿಶೀಲನೆಗೆ ಬಂದವು. ಅಂಥ ಕಾಗದ ಪುರಾವೆಯಾಗಬಲ್ಲದು ಎಂದರೂ, ಕೊಲೆ ಸಾಬೀತಾಗಲಿಲ್ಲವೆಂದು ಕೋರ್ಟ್ ಗಂಡನನ್ನು ಬಿಡುಗಡೆ ಮಾಡಿತು. ಕಾಗದವಿದೆ ಎಂದಾಕ್ಷಣ ಕೇಸು ಗೆದ್ದಂತಲ್ಲ.

ಈಗ ಕಾಗದದ ಜಾಗದಲ್ಲಿ ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳಿವೆ. ಸ್ಕ್ರೀನ್‌ಶಾಟ್ ತೆಗೆದು ಮೂಲ ಅಳಿಸುವುದು ಬೇಡ. ಸಂದೇಶ ಬಂದ ಫೋನನ್ನು ಹಾಗೆಯೇ ಕಾಪಾಡಿ ತನಿಖಾಧಿಕಾರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ವಿಡಿಯೊ ಹೇಳಿಕೆಗೂ ಇದೇ ಕ್ರಮ, ಅದರ ನಕಲು ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು.

ಆಕೆ ಬದುಕುಳಿದರೆ, ಅದೃಷ್ಟವಶಾತ್ ಹಾಗೂ ಆಗುತ್ತದೆ, ಬರೆದುಕೊಂಡದ್ದು ಮರಣಪೂರ್ವ ಹೇಳಿಕೆಯಾಗಿ ಉಳಿಯುವುದಿಲ್ಲ. ಆಗ ಆಕೆಯೇ ಸಾಕ್ಷಿ. ಹಿಂದಿನ ಹೇಳಿಕೆ ಆಕೆಯ ಸಾಕ್ಷ್ಯಕ್ಕೆ ಬೆಂಬಲವಾಗಿ ಇಲ್ಲವೇ ಅದರಲ್ಲಿನ ವಿರೋಧವನ್ನು ತೋರಿಸಲು ಮಾತ್ರ ಬಳಕೆಯಾದೀತು. ಚೇತರಿಸಿಕೊಂಡ ಕೂಡಲೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ಪ್ರಕರಣಗಳ ತನಿಖೆ, ವಿಚಾರಣೆಯ ಕಾನೂನು) 183ನೇ ಕಲಮಿನಡಿ ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪೂರ್ವಕ ಹೇಳಿಕೆ ದಾಖಲಿಸುವಂತೆ ತನಿಖಾಧಿಕಾರಿಯನ್ನು ಲಿಖಿತವಾಗಿ ಕೋರಬೇಕು.